ಪ್ಯಾಪ್ ಟೆಸ್ಟ್ ನಾರ್ಮಲ್ ಬಂದಿದೆ, ಬಯಾಪ್ಸಿ ಬೇಕೇ?

ಪ್ರಶ್ನೆ: ಅಮ್ಮನಿಗೆ ಮುಟ್ಟು ನಿಂತು ವರ್ಷಗಳೇ ಆಗಿವೆ. ಈಗ ಎರಡು ಸಲ ರಕ್ತ ಕಂಡಿದೆ. ಪ್ಯಾಪ್ ಟೆಸ್ಟ್ ನಾರ್ಮಲ್. ಬಯಾಪ್ಸಿ ಅಂದರೆ ಅವರಿಗೆ ತುಂಬಾ ಭಯ. ಪ್ಯಾಪ್ ಸ್ಯಾಂಪಲ್‌ನಲ್ಲೇ ಜೀನ್ ಪರೀಕ್ಷೆ ಮಾಡಿಸಿದರೆ ಸಾಲದೇ?

ಉತ್ತರ: ಸಾಲದು. ದಯವಿಟ್ಟು ಬಯಾಪ್ಸಿ ಮುಂದೆ ಹಾಕಬೇಡಿ.

ಪ್ಯಾಪ್ ಟೆಸ್ಟ್ ಇರುವುದು ಗರ್ಭಕೋಶದ ಕೊರಳಿನ ಕ್ಯಾನ್ಸರ್ ಹುಡುಕಲು. ಅಮ್ಮನ ವಿಷಯದಲ್ಲಿ ನೋಡಬೇಕಾದದ್ದು ಗರ್ಭಕೋಶದ ಒಳಪದರ. ಅಲ್ಲಿಂದ ಉದುರಿದ ಜೀವಕೋಶಗಳು ಕೊರಳಿನವರೆಗೆ ಇಳಿದು ಬರುವುದುಂಟು. ಆದರೆ ಅವು ಎಷ್ಟು ಕಡಿಮೆ ಅಂದರೆ, ಮೈಕ್ರೋಸ್ಕೋಪಿನಲ್ಲಿ ನೋಡುವವರ ಕಣ್ಣು ತಪ್ಪಿಸಿಬಿಡಬಹುದು.

ಕಣ್ಣಿಗೆ ಕಾಣದಿದ್ದರೂ ಡಿಎನ್‌ಎಯಲ್ಲಿ ಸುಳಿವು ಸಿಗಬಹುದು ಅಲ್ವಾ? ಇದೇ ಯೋಚನೆಯ ಮೇಲೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ತಂಡ 2018ರಲ್ಲಿ 'ಪ್ಯಾಪ್‌ಸೀಕ್' ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. 18 ಜೀನ್‌ಗಳಲ್ಲಿ ಬದಲಾವಣೆ ಇದೆಯೇ, ಕ್ರೋಮೋಸೋಮ್‌ಗಳ ಸಂಖ್ಯೆ ಏರುಪೇರಾಗಿದೆಯೇ ಎಂದು ಅದು ನೋಡುತ್ತದೆ. ಒಳಪದರದ ಕ್ಯಾನ್ಸರ್ ಇದ್ದವರಲ್ಲಿ ಪ್ಯಾಪ್ ಬ್ರಷ್ ಸ್ಯಾಂಪಲ್‌ನಿಂದ ಶೇ. 81ರಷ್ಟು ಜನರ ಕಾಯಿಲೆ ಗೊತ್ತಾಯಿತು. ಗರ್ಭಕೋಶದ ಒಳಗೇ ಹೋಗುವ ಟಾವೊ ಬ್ರಷ್‌ನಿಂದ ಶೇ. 93.

ನಿಜವಾಗಿಯೂ ದೊಡ್ಡ ಕೆಲಸ ಅದು. ಆದರೆ ಶೇ. 81 ಅಂದರೆ, ಕ್ಯಾನ್ಸರ್ ಇದ್ದ ನೂರರಲ್ಲಿ 19 ಹೆಂಗಸರಿಗೆ 'ಏನೂ ಇಲ್ಲ' ಎಂಬ ರಿಪೋರ್ಟ್ ಕೈಗೆ ಬರುತ್ತದೆ. ರಕ್ತ ಕಂಡ ಮೇಲೂ ಅಂಥ ರಿಪೋರ್ಟ್ ನಂಬಿ ಮನೆಯಲ್ಲಿ ಕೂರುವುದು ನನಗೆ ಒಪ್ಪಿಗೆಯಿಲ್ಲ.

ಮೊದಲು ಡಾಕ್ಟರ್ ಯೋನಿಯ ಮೂಲಕ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿ ಪದರದ ದಪ್ಪ ಅಳೆಯುತ್ತಾರೆ. 4 ಮಿ.ಮೀ. ಅಥವಾ ಅದಕ್ಕಿಂತ ತೆಳುವಿದ್ದರೆ ಕ್ಯಾನ್ಸರ್ ಸಾಧ್ಯತೆ ತೀರಾ ಕಡಿಮೆ. ಆದರೂ ಮತ್ತೆ ಮತ್ತೆ ರಕ್ತ ಕಂಡರೆ ಬಯಾಪ್ಸಿ ಬೇಕೇ ಬೇಕು. ನಿಮ್ಮ ಅಮ್ಮನಿಗೆ ಆಗಲೇ ಎರಡು ಸಲ ಆಗಿದೆ.

ಬಯಾಪ್ಸಿ ಅಂದರೆ ಆಪರೇಷನ್ ಅಂದುಕೊಂಡು ಹೆದರುವವರೇ ಜಾಸ್ತಿ. ಸಾಮಾನ್ಯವಾಗಿ ಮಾಡುವುದು ಇಷ್ಟು: ಸುಮಾರು 3 ಮಿ.ಮೀ. ಅಗಲದ, ಬಾಗುವ ಪ್ಲಾಸ್ಟಿಕ್ ನಳಿಕೆಯನ್ನು ಕೊರಳಿನ ಮೂಲಕ ಒಳಗೆ ಬಿಡುತ್ತಾರೆ. ಅದರೊಳಗಿನ ಕಡ್ಡಿ ಹಿಂದಕ್ಕೆ ಎಳೆದರೆ ಪದರದ ಚೂರುಗಳು ನಳಿಕೆಗೆ ಬರುತ್ತವೆ. ಕೆಲವೇ ನಿಮಿಷದ ಕೆಲಸ, ಅವತ್ತೇ ಮನೆಗೆ ಹೋಗಬಹುದು. ಮುಟ್ಟಿನ ನೋವಿನಂತೆ ಹೊಟ್ಟೆ ಹಿಂಡುತ್ತದೆ, ಕೆಲವರಿಗೆ ನೋವು ಜೋರಾಗಿಯೇ ಇರುತ್ತದೆ. ಮೊದಲೇ ನೋವಿನ ಮಾತ್ರೆ ತಗೊಳ್ಳಬಹುದಾ ಎಂದು ಸಂಕೋಚವಿಲ್ಲದೆ ಕೇಳಿ. ಅಮ್ಮನಿಗೆ ಇದನ್ನೂ ಹೇಳಿ: ಮುಟ್ಟು ನಿಂತ ಮೇಲೆ ರಕ್ತ ಕಂಡ ನೂರು ಜನರಲ್ಲಿ ಕ್ಯಾನ್ಸರ್ ಸಿಗುವುದು ಸುಮಾರು ಒಂಬತ್ತು ಜನರಲ್ಲಿ ಮಾತ್ರ.

ಒಂದು ವೇಳೆ ಕ್ಯಾನ್ಸರ್ ಅಂತಲೇ ಬಂದರೆ, ಆಗ ಜೀನ್ ಪರೀಕ್ಷೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಪೋಲ್-ಇ (POLE) ಎಂಬ ಜೀನ್‌ನಲ್ಲಿ ಬದಲಾವಣೆಯಿದ್ದರೆ ಕಾಯಿಲೆ ಮರಳುವುದು ಅಪರೂಪ. ಪಿ53 ಎಂಬ ಇನ್ನೊಂದು ಜೀನ್ ಕೆಟ್ಟಿದ್ದರೆ ಚಿಕಿತ್ಸೆ ಬಿಗಿ ಮಾಡಬೇಕಾಗುತ್ತದೆ. ಡಿಎನ್‌ಎ ತಪ್ಪು ತಿದ್ದುವ ಜೀನ್‌ಗಳಲ್ಲೇ ದೋಷ ಕಂಡರೆ, ಅದು ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯದ ತೊಂದರೆಯೇ ಎಂದು ನೋಡುತ್ತಾರೆ. ಹೌದೆಂದಾದರೆ ನೀವೂ ನಿಮ್ಮ ಒಡಹುಟ್ಟಿದವರೂ, ಗಂಡಸರೂ ಸೇರಿ, ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಬೇಕು. ಲಿಂಚ್ ಇದ್ದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯವೂ ಹೆಚ್ಚು. ಕಾಲಕಾಲಕ್ಕೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಿದರೆ ಅದನ್ನು ಬಹಳಷ್ಟು ತಡೆಯಬಹುದು.