ಗ್ಯಾಸ್ಟ್ರಿಕ್ ಮಾತ್ರೆಯ ವಿಷಯ ಮೊದಲು ಹೇಳಿ

ಬೊಜ್ಜಿನ ಆಪರೇಷನ್ ಅಂದರೆ ಕೊಬ್ಬು ಹೀರಿ ತೆಗೆಯೋದು ಅಂತ ಈಗಲೂ ಎಷ್ಟೋ ಜನ ನಂಬಿದ್ದಾರೆ. ಅದು ಲೈಪೊಸಕ್ಷನ್, ಅದರ ಕಥೆಯೇ ಬೇರೆ. ಇಲ್ಲಿ ಕತ್ತರಿ ಬೀಳುವುದು ಜಠರಕ್ಕೆ, ಕರುಳಿಗೆ. 'ಹೊಟ್ಟೆ ಚಿಕ್ಕದಾಗುತ್ತೆ, ಜಾಸ್ತಿ ತಿನ್ನೋಕಾಗಲ್ಲ, ಅಷ್ಟೇ ತಾನೆ?' ಅನ್ನುವವರೂ ಇದ್ದಾರೆ. ಅಷ್ಟೇ ಆಗಿದ್ದರೆ ಯಾವ ಆಪರೇಷನ್ ಮಾಡಿಸಿದರೂ ಒಂದೇ ಆಗುತ್ತಿತ್ತು.

ಈಗ ಹೆಚ್ಚಾಗಿ ನಡೆಯುವುದು ಎರಡು, ಸ್ಲೀವ್ ಮತ್ತು ಗ್ಯಾಸ್ಟ್ರಿಕ್ ಬೈಪಾಸ್. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲು, ಕೆಲವೊಮ್ಮೆ ಇನ್ನೂ ತುಸು ಜಾಸ್ತಿ, ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಕೊಳವೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ನೇರ ಅದಕ್ಕೆ ಜೋಡಿಸುತ್ತಾರೆ. ಹೆದ್ದಾರಿ ಬೈಪಾಸ್ ಬಂದ ಮೇಲೆ ಹಳೇ ಊರು ಅಲ್ಲೇ ಇರುತ್ತದೆ, ಬಸ್ಸು ಮಾತ್ರ ಒಳಗೆ ಬರಲ್ಲ. ಉಳಿದ ಜಠರದ ಪಾಡೂ ಅದೇ.

ಸ್ಲೀವ್ ಹುಟ್ಟಿದ್ದು ಒಂದು ಪೂರ್ತಿ ಆಪರೇಷನ್ ಆಗಿ ಅಲ್ಲ. ದೊಡ್ಡ ಆಪರೇಷನ್ ಒಂದೇ ಸಲಕ್ಕೆ ತಡೆಯಲಾರದ ಭಾರಿ ತೂಕದವರಿಗೆ ಮೊದಲ ಕಂತು ಅಂತ ಮಾಡುತ್ತಿದ್ದರು. ಹಲವರು ಅಷ್ಟಕ್ಕೇ ಇಳಿದುಬಿಟ್ಟರು, ಎರಡನೇ ಕಂತು ಬೇಕಾಗಲೇ ಇಲ್ಲ! ಹಸಿವಿನ ಹಾರ್ಮೋನ್ ಗ್ರೆಲಿನ್ ಜಪಾನಿನಲ್ಲಿ ಪತ್ತೆಯಾಗಿದ್ದು 1999ರಲ್ಲಿ. ಅದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಉಬ್ಬಿನಲ್ಲಿ. ಸ್ಲೀವ್‌ನಲ್ಲಿ ಆ ಉಬ್ಬೇ ಹೋಗುತ್ತದೆ.

ಆದರೆ ಆ ಉಬ್ಬಿಗೆ ಇನ್ನೊಂದು ಕೆಲಸ ಇತ್ತು. ಊಟ ಬಂದಾಗ ಸಡಿಲವಾಗಿ ಜಾಗ ಕೊಡೋದು. ಹೋಟೆಲಿನಿಂದ ತಂದ ಸಾಂಬಾರಿನ ಕವರ್ ನೆನಪಿಸಿಕೊಳ್ಳಿ. ಅಗಲವಾದ ಕವರನ್ನು ಮೆಲ್ಲಗೆ ಒತ್ತಿದರೆ ಸಾಂಬಾರು ಪಕ್ಕಕ್ಕೆ ಸರಿಯುತ್ತದೆ. ಅದೇ ಮಕ್ಕಳು ಚೀಪುವ ಉದ್ದನೆಯ ಐಸ್ ಟ್ಯೂಬ್ ಒತ್ತಿ, ಸರ್ ಅಂತ ಬಾಯಿಗೆ ಬರುತ್ತದೆ. ಟೂತ್‌ಪೇಸ್ಟ್ ಅಂದುಕೊಂಡರೂ ಸರಿ. ಸ್ಲೀವ್ ಆದ ಜಠರ ಇಂಥ ಟ್ಯೂಬು. ಕೆಳಗಿನ ಬಾಗಿಲು ಮೊದಲಿನಷ್ಟೇ ಬಿಗಿ, ಹಾಗಾಗಿ ಒತ್ತಡಕ್ಕೆ ಆಮ್ಲ ಮೇಲೇರುತ್ತದೆ. ಮೊದಲೇ ಎದೆಯುರಿ ಇದ್ದವರಿಗೆ ಅದು ಇನ್ನೂ ಜೋರಾಗಬಹುದು. ಅದಕ್ಕೇ ಎಷ್ಟೋ ಜನರ ಸ್ಲೀವನ್ನು ಆಮೇಲೆ ಬೈಪಾಸಾಗಿ ಬದಲಿಸಬೇಕಾಗುತ್ತದೆ. ಬೈಪಾಸ್‌ನ ಪುಟ್ಟ ಚೀಲದಲ್ಲಿ ಆಮ್ಲವೇ ಕಡಿಮೆ.

ಸಕ್ಕರೆ ಕಾಯಿಲೆ ಜೋರಾಗಿದ್ದರೂ ತಕ್ಕಡಿ ಸಾಮಾನ್ಯವಾಗಿ ಬೈಪಾಸ್ ಕಡೆಗೇ. ಅದರಲ್ಲಿ ಊಟ ಬೇಗ ಕೆಳಕರುಳಿಗೆ ತಲುಪಿ, ಸಕ್ಕರೆ ಇಳಿಸಲು ನೆರವಾಗುವ ಜಿಎಲ್‌ಪಿ-1 ಹಾರ್ಮೋನ್ ಉಕ್ಕುತ್ತದೆ. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿದದ್ದನ್ನು ವೈದ್ಯರು ಕಂಡಿದ್ದಾರೆ. ತೂಕ ಇಳಿಸುತ್ತೆ ಅಂತ ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಇಂಜೆಕ್ಷನ್ ಇದೇ ಹಾರ್ಮೋನಿನ ನಕಲು. ಆದರೆ ಬೀಡಿ ಸಿಗರೇಟು ಬಿಡದವರಿಗೆ, ಮಂಡಿನೋವಿಗೆ ದಿನಾ ನೋವಿನ ಮಾತ್ರೆ ನುಂಗುವವರಿಗೆ ಬೈಪಾಸ್‌ನ ಹೊಲಿಗೆ ಜಾಗದಲ್ಲಿ ಹುಣ್ಣಾಗುವ ಅಪಾಯ ಜಾಸ್ತಿ. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಕೊರತೆಯೂ ಬೈಪಾಸ್‌ನಲ್ಲೇ ಹೆಚ್ಚು. ಮೊದಲೇ ಬಿ12 ಕಡಿಮೆ ಇರುವ ಸಸ್ಯಾಹಾರಿಗಳು ಇದನ್ನು ಹಗುರವಾಗಿ ತಗೊಳ್ಳಬಾರದು.

'ನಮ್ಮ ಅತ್ತಿಗೆಗೆ ಸ್ಲೀವ್ ಮಾಡಿದರು, ನನಗೂ ಅದೇ ಮಾಡಿ' ಅಂತ ಕೇಳುವವರನ್ನು ಕಂಡರೆ ನನಗೆ ತಲೆ ಬಿಸಿಯಾಗುತ್ತದೆ. ಅತ್ತಿಗೆಯ ಕನ್ನಡಕ ಹಾಕ್ಕೊಳ್ತೀರಾ? ಸರ್ಜನ್‌ಗಳೂ ಕೈ ಪಳಗಿದ ಆಪರೇಷನ್ ಕಡೆಗೇ ವಾಲುತ್ತಾರೆ, ಅವರೂ ಮನುಷ್ಯರೇ. ಹಾಗಾಗಿ ಎರಡನ್ನೂ ಎಷ್ಟೆಷ್ಟು ಮಾಡಿದ್ದೀರಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕು. 'ಬೇರೆ ಏನಾದರೂ ಕಾಯಿಲೆ?' ಅಂತ ಡಾಕ್ಟರ್ ಕೇಳಿದರೆ 'ಏನಿಲ್ಲ ಸಾರ್' ಅನ್ನುತ್ತೇವೆ. ಎದೆಯುರಿಗೆ ಅಂತ ಬೆಳಗ್ಗೆ ಕಾಫಿಗೆ ಮೊದಲು ಹತ್ತು ವರ್ಷದಿಂದ ನುಂಗುತ್ತಿರುವ ಗ್ಯಾಸ್ಟ್ರಿಕ್ ಮಾತ್ರೆ ಲೆಕ್ಕಕ್ಕೇ ಬರಲ್ಲ, ಅಲ್ವಾ?