ಸಿನಿಮಾ ನಿಮ್ಮದು, ಕಾಗದ ಯಾರ ಹೆಸರಲ್ಲಿದೆ?

ಸ್ವತಂತ್ರವಾಗಿ ಸಿನಿಮಾ ಮಾಡುವವರು ವಕೀಲರ ಮುಂದೆ ಕೂತಾಗ ಮೊದಲು ಕೇಳುವುದು ‘ನನ್ನ ಕಥೆ ಯಾರಾದರೂ ಕದ್ದರೆ ಏನು ಮಾಡಲಿ?’ ಎಂದು. ಸಿನಿಮಾ ಕೊಳ್ಳಲು ಬರುವ ಓಟಿಟಿಯವರ ಪ್ರಶ್ನೆಯೇ ಬೇರೆ: ‘ಈ ಕಥೆ ನಿಮ್ಮದೇ ಅನ್ನುವುದಕ್ಕೆ ಕಾಗದ ಇದೆಯೇ?’ ಬೆಲೆ ಕುದುರಿದ ಮೇಲೂ ವ್ಯವಹಾರ ಮುರಿದುಬೀಳುವುದು ಇಲ್ಲಿಯೇ.

ಕದಿಯುವ ವಿಷಯ ಚಿಕ್ಕದಾಗಿ ಮುಗಿಸೋಣ. ಕಥೆಯ ಎಳೆಗೆ ಕಾಪಿರೈಟ್ ಇಲ್ಲ, ಬರೆದ ರೂಪಕ್ಕೆ ಮಾತ್ರ ಇದೆ ಎಂದು ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಶೀರ್ಷಿಕೆಗೂ ಕಾಪಿರೈಟ್ ಇಲ್ಲವೆಂದು 2015ರಲ್ಲಿ ಹೇಳಿತು. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಟೈಟಲ್ ನೋಂದಾಯಿಸುವುದು ಉದ್ಯಮದ ಒಳಗಿನ ವ್ಯವಸ್ಥೆ ಅಷ್ಟೇ. ಚಿತ್ರಕಥೆಯನ್ನು ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಲು 500 ರೂಪಾಯಿ ಶುಲ್ಕ. ಕಡ್ಡಾಯವಲ್ಲ, ಆದರೆ ನಾಳೆ ಸಾಕ್ಷಿಗೆ ಬರುತ್ತದೆ, ಮಾಡಿಸಿಡಿ.

ಇನ್ನು ಮುಖ್ಯ ಮಾತು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಿನಿಮಾದ ‘ಕರ್ತೃ’ ನಿರ್ದೇಶಕನಲ್ಲ, ನಿರ್ಮಾಪಕ. ಸಿನಿಮಾ ಮಾಡಲು ಮುಂದಾಗಿ ಅದರ ಹೊಣೆ ಹೊತ್ತವನನ್ನು ಕಾಯ್ದೆ ನಿರ್ಮಾಪಕ ಎನ್ನುತ್ತದೆ. ನಾಲ್ಕು ಜನ ಗೆಳೆಯರು ದುಡ್ಡು ಹಾಕಿ, ನಾಲ್ವರೂ ಹೊಣೆ ಹೊತ್ತರೆ ಯಾರು ನಿರ್ಮಾಪಕ? ಬರೆದಿಡದಿದ್ದರೆ ನಾಲ್ವರೂ ಹಕ್ಕು ಸಾಧಿಸಬಹುದು. ಜಂಟಿ ಹಕ್ಕುದಾರರಲ್ಲಿ ಒಬ್ಬರು ಉಳಿದವರ ಒಪ್ಪಿಗೆ ಇಲ್ಲದೆ ಪರವಾನಗಿ ಕೊಡುವಂತಿಲ್ಲ. ಒಬ್ಬರು ಮುನಿಸಿಕೊಂಡರೂ ಸಿನಿಮಾ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಪಾಲುದಾರಿಕೆ ಪತ್ರವನ್ನೋ ಎಲ್‌ಎಲ್‌ಪಿಯನ್ನೋ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮೊದಲು ಮಾಡಿಕೊಂಡು, ಮುಂದಿನ ಪ್ರತಿ ಕರಾರನ್ನೂ ಆ ಒಂದೇ ಹೆಸರಿಗೆ ಬರೆಸಿ.

ಕರಾರು ಎಂದರೆ ಎಂಥದು? ‘ಕಥೆಯ ಎಲ್ಲ ಹಕ್ಕು ಕೊಟ್ಟಿದ್ದೇನೆ’ ಎಂಬ ಒಂದು ಸಾಲು, ಕೆಳಗೊಂದು ಸಹಿ. ಹೆಚ್ಚಿನವರ ಫೈಲಿನಲ್ಲಿ ಇರುವುದು ಇಷ್ಟೇ. ಅದೇ ಕಾಯ್ದೆಯ ಕಲಂ 19 ಓದಿದರೆ ಇದು ಎಷ್ಟು ಪೊಳ್ಳು ಎಂದು ಗೊತ್ತಾಗುತ್ತದೆ. ಅವಧಿ ಬರೆಯದಿದ್ದರೆ ಹಕ್ಕು ಐದೇ ವರ್ಷಕ್ಕೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ, ಹೊರದೇಶದ ಮಾರಾಟ ಅಲ್ಲಿಗೇ ಮುಗಿಯಿತು. ಎಲ್ಲಕ್ಕಿಂತ ಅಪಾಯಕಾರಿ 19(4): ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದ ಹೊರತು, ವರ್ಗಾವಣೆ ತಾನಾಗಿಯೇ ಬಿದ್ದುಹೋಗುತ್ತದೆ. ದುಡ್ಡು ಹೊಂದಿಸಲೇ ಎರಡು ವರ್ಷ ಹಿಡಿಯುವ ನಮ್ಮಂಥ ಸಿನಿಮಾಗಳಿಗೆ ಇದಕ್ಕಿಂತ ದೊಡ್ಡ ಕುತ್ತಿಲ್ಲ. ಇನ್ನು ಕಲಂ 18ರ ಪ್ರಕಾರ, ಕರಾರಿನ ಹೊತ್ತಿಗೆ ಇಲ್ಲದ ಅಥವಾ ವಾಣಿಜ್ಯ ಬಳಕೆಗೆ ಬಾರದ ಮಾಧ್ಯಮವನ್ನು ಹೆಸರಿಸಿ ಬರೆಯದಿದ್ದರೆ ಅದರ ಹಕ್ಕು ಬರುವುದಿಲ್ಲ.

ಹಾಗಾಗಿ ವಾಕ್ಯ ಹೀಗಿರಲಿ: ‘ಅನುಬಂಧದಲ್ಲಿರುವ ಚಿತ್ರಕಥೆಯಿಂದ ಸಿನಿಮಾ ತಯಾರಿಸುವ, ಡಬ್ ಮಾಡುವ, ರೀಮೇಕ್ ಮಾಡುವ, ಚಿತ್ರಮಂದಿರ, ಟೀವಿ, ಓಟಿಟಿಗಳಲ್ಲಿ ತೋರಿಸುವ ಹಕ್ಕುಗಳನ್ನು ವಿಶ್ವದಾದ್ಯಂತ, ಕಾಪಿರೈಟ್‌ನ ಪೂರ್ಣ ಅವಧಿಗೆ ವರ್ಗಾಯಿಸಿದ್ದೇನೆ, ಒಂದು ವರ್ಷದೊಳಗೆ ಬಳಸದಿದ್ದರೂ ಕಲಂ 19(4)ರ ಅಡಿ ಈ ವರ್ಗಾವಣೆ ರದ್ದಾಗತಕ್ಕದ್ದಲ್ಲ.’ ಸಂಭಾವನೆ ಎಷ್ಟು, ರಾಯಲ್ಟಿ ಎಷ್ಟು ಎಂದೂ ಬರೆಯಬೇಕು. ಅನುಬಂಧಕ್ಕೆ ಚಿತ್ರಕಥೆಯ ಕೊನೆಯ ಕರಡನ್ನೇ ಲಗತ್ತಿಸಿ, ಪುಟಪುಟಕ್ಕೂ ಸಹಿ ಹಾಕಿಸಿ. ಸೂಕ್ತ ಛಾಪಾ ಶುಲ್ಕ ಕಟ್ಟಿರದ ಪತ್ರವನ್ನು, ಬಾಕಿ ಮತ್ತು ದಂಡ ಕಟ್ಟುವ ತನಕ, ನ್ಯಾಯಾಲಯ ಸಾಕ್ಷಿಯಾಗಿ ಪರಿಗಣಿಸುವುದಿಲ್ಲ.

ಸಂಗೀತದಲ್ಲಿ ಗೋಜಲು ಇನ್ನೂ ಹೆಚ್ಚು. ಒಂದು ಹಾಡಿನಲ್ಲಿ ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ ಎಂದು ಮೂರು ಹಕ್ಕುಗಳಿರುತ್ತವೆ, ಮಾಲೀಕರು ಮೂವರಿರಬಹುದು. ‘ಏಳು ಸೆಕೆಂಡ್ ಬಳಸಿದರೆ ಪರವಾಗಿಲ್ಲ’ ಎಂಬ ಮಾತಿಗೆ ಕಾಯ್ದೆಯಲ್ಲಿ ಆಧಾರವಿಲ್ಲ. ವಚನಗಳ ಮೂಲಪಾಠ ಎಲ್ಲರದು. ಆದರೆ ಅದಕ್ಕೆ ಇತ್ತೀಚೆಗೆ ಯಾರೋ ಹಾಕಿದ ಧಾಟಿ ಅವರದು. ಕವಿಯ ಹಕ್ಕು ಅವರು ತೀರಿಕೊಂಡ ವರ್ಷದ ನಂತರ 60 ವರ್ಷ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಅಂದರೆ 2041 ಮುಗಿಯುವವರೆಗೆ ಅವರ ಕವಿತೆಗೆ ಅನುಮತಿ ಬೇಕು. ಹೊಸದಾಗಿ ಸಂಗೀತ ಮಾಡಿಸಿದರೂ ‘ರಾಯಲ್ಟಿ ಬಿಟ್ಟುಕೊಟ್ಟಿದ್ದೇನೆ’ ಎಂದು ಬರೆಸಿಕೊಳ್ಳುವುದರಿಂದ ಉಪಯೋಗವಿಲ್ಲ. ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳ ರಾಯಲ್ಟಿಯಲ್ಲಿ ಸಾಹಿತಿ, ಸಂಗೀತಗಾರರಿಗೆ ಹಕ್ಕು ಪಡೆದವರ ಜೊತೆ ಸಮಪಾಲು ಎಂದು 2012ರ ತಿದ್ದುಪಡಿ ಹೇಳುತ್ತದೆ. ಅದನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆಯವರಿಗೆ ಬರೆದುಕೊಡಲಾಗದು. ಸಂಗೀತ ನಿರ್ದೇಶಕರು ಐಪಿಆರ್‌ಎಸ್ (ಸಾಹಿತಿ, ಸಂಗೀತಗಾರರ ಪರವಾಗಿ ರಾಯಲ್ಟಿ ಸಂಗ್ರಹಿಸುವ ಕಾಪಿರೈಟ್ ಸೊಸೈಟಿ) ಸದಸ್ಯರೇ ಎಂದು ಕೇಳಿ. ಸದಸ್ಯತ್ವದ ಷರತ್ತಿಗೆ ವಿರುದ್ಧವಾಗಿ ಮಾಡಿಕೊಟ್ಟ ವರ್ಗಾವಣೆ ಊರ್ಜಿತವಾಗುವುದಿಲ್ಲ.

ನಟರಿಂದ ಲಿಖಿತ ಒಪ್ಪಿಗೆ ಶೂಟಿಂಗ್‌ಗೆ ಮೊದಲು ಇರಲಿ. ಪೋಸ್ಟರ್ ವಿನ್ಯಾಸವನ್ನು ಪುಕ್ಕಟೆ ಮಾಡಿಕೊಟ್ಟ ಗೆಳೆಯನಿಂದಲೂ ವರ್ಗಾವಣೆ ಪತ್ರ ಬೇಕು. ದುಡ್ಡು ಕೊಟ್ಟಿಲ್ಲವೆಂದರೆ ಅದು ಅವನದೇ.

ಹದಿನಾಲ್ಕರೊಳಗಿನ ಮಕ್ಕಳು ನಟಿಸುವುದಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ ಐದು ಗಂಟೆ, ವಿರಾಮವಿಲ್ಲದೆ ಮೂರು ಗಂಟೆ, ಸತತವಾಗಿ 27 ದಿನ, ಇದು ಮಿತಿ. ಸಂಭಾವನೆಯಲ್ಲಿ ಕನಿಷ್ಠ ಶೇ 20 ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು. ಕರಾರಿಗೆ ಪೋಷಕರ ಸಹಿ. ಬೀಡಿ, ಸಿಗರೇಟು ತೋರಿಸಿದರೆ ಆರಂಭದಲ್ಲೂ ಮಧ್ಯದಲ್ಲೂ 30 ಸೆಕೆಂಡಿನ ಆರೋಗ್ಯ ಸಂದೇಶ, 20 ಸೆಕೆಂಡಿನ ಎಚ್ಚರಿಕೆ, ಜತೆಗೆ ದೃಶ್ಯದುದ್ದಕ್ಕೂ ಪರದೆಯ ಕೆಳಗೆ ಬರಹ.

ಹಳ್ಳಿಯ ಕಥೆ ಹಿಡಿದವರು ಮರೆಯುವುದು ಎತ್ತು, ನಾಯಿ, ಕೋಳಿಗಳನ್ನು. ಪಾತ್ರದ ಜೊತೆ ಒಂದು ಎತ್ತು ಉಳುಮೆ ಮಾಡಿದರೂ ಪ್ರಾಣಿ ಕಲ್ಯಾಣ ಮಂಡಳಿಗೆ ಶೂಟಿಂಗ್‌ಗೆ ಮುಂಚೆಯೇ ಅರ್ಜಿ ಹೋಗಬೇಕು. ಸೆನ್ಸಾರ್‌ನವರು ಮಂಡಳಿಯ ನಿರಾಕ್ಷೇಪಣಾ ಪತ್ರ ಕೇಳುತ್ತಾರೆ. ಎಡಿಟಿಂಗ್ ಮುಗಿಸಿ ಬಿಡುಗಡೆ ದಿನಾಂಕ ಘೋಷಿಸಿದ ಮೇಲೆ ಓಡಾಡುವುದಕ್ಕಿಂತ, ಚಿತ್ರಕಥೆಯಲ್ಲಿ ಪ್ರಾಣಿ ಬರುವ ದೃಶ್ಯಗಳಿಗೆಲ್ಲ ಇವತ್ತೇ ಗುರುತು ಹಾಕಿಕೊಳ್ಳಿ.