ಸರ್ವರ್ ತಾನೇ ಲಾಗಿನ್ ಆಗಬೇಕೆಂದರೆ

ಬೇಸಿಗೆ ಭತ್ತದ ಕಟಾವು ಮತ್ತು ಮುಂಗಾರಿಗೆ ಮೊದಲಿನ ಗುಡುಗು ಮಳೆ ದಾವಣಗೆರೆಯಲ್ಲಿ ಒಂದೇ ಕಾಲಕ್ಕೆ ಬರುತ್ತವೆ. ಭದ್ರಾ ನಾಲೆಯ ಊರುಗಳಿಂದ ಭತ್ತದ ಲೋಡು ರಾತ್ರಿಯೆಲ್ಲ ಗಿರಣಿಗಳಿಗೆ ಬರುತ್ತಿರುವಾಗಲೇ ಕರೆಂಟ್ ಹೋಗುತ್ತದೆ, ಒಂದೆರಡು ಗಂಟೆ ಕಳೆದು ಬರುತ್ತದೆ. ಅಂಥ ಒಂದು ರಾತ್ರಿ ಹರಿಹರ ರಸ್ತೆಯ ಅಕ್ಕಿ ಗಿರಣಿಯೊಂದರ ವೇಬ್ರಿಡ್ಜ್ ಮುಂದೆ ಲಾರಿ, ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತುಬಿಟ್ಟವು. ಕರೆಂಟ್ ಬಂದಿತ್ತು, ಉಳಿದ ಕಂಪ್ಯೂಟರ್‌ಗಳಿಗೆಲ್ಲ ಆಧಾರವಾದ ಮುಖ್ಯ ಕಂಪ್ಯೂಟರ್, ಅಂದರೆ ಸರ್ವರ್ ಕೂಡ ಚಾಲೂ ಆಗಿತ್ತು. ಆದರೆ ಅದರ ಪರದೆ ಪಾಸ್‌ವರ್ಡ್ ಕೇಳುತ್ತ ನಿಂತಿತ್ತು. ಪಾಸ್‌ವರ್ಡ್ ಗೊತ್ತಿದ್ದ ಗುಮಾಸ್ತರು ಮದುವೆಗೆಂದು ಊರಿಗೆ ಹೋಗಿದ್ದರು, ಅವರ ಫೋನ್ ಬೆಳಗಿನವರೆಗೆ ಸಿಗಲಿಲ್ಲ. ಮರುದಿನ ನನ್ನನ್ನು ಕರೆಸಿದ ಮಾಲೀಕರು ಕೇಳಿದ್ದು ಒಂದೇ ಮಾತು: "ಸರ್, ಕರೆಂಟ್ ಬಂದ ಕೂಡ್ಲೇ ಅದು ತಾನೇ ಓಪನ್ ಆಗೋ ಹಂಗೆ ಮಾಡಿಕೊಡ್ರಿ, ರಾತ್ರಿ ಹೊತ್ತು ಯಾರನ್ನ ಎಬ್ಬಿಸೋಣ?"

ಈ ಬೇಡಿಕೆ ನ್ಯಾಯವಾದದ್ದು. ಗಿರಣಿ, ಎಪಿಎಂಸಿ ಅಂಗಡಿ, ಅಡಿಕೆ ಮಂಡಿ, ಸಣ್ಣ ಆಸ್ಪತ್ರೆಗಳಲ್ಲಿ ಸರ್ವರ್ ನೋಡಿಕೊಳ್ಳಲೆಂದೇ ಒಬ್ಬರು ಇರುವುದಿಲ್ಲ. ಆದರೆ ಇದನ್ನು ಪೂರೈಸುವ ಅತಿ ಸುಲಭದ ದಾರಿಯೇ ಅತಿ ಅಪಾಯದ ದಾರಿಯೂ ಆಗಿರುವುದರಿಂದ, ನಾನು ಕೀಬೋರ್ಡ್ ಮುಟ್ಟುವ ಮೊದಲು ಒಂದು ಪ್ರಶ್ನೆಯನ್ನು ತೀರ್ಮಾನಿಸಿಕೊಳ್ಳುತ್ತೇನೆ: ಈ ಸರ್ವರ್‌ನಲ್ಲಿ ಲಾಗಿನ್ ಆಗದೆ ನಡೆಯದ ಕೆಲಸ ನಿಜವಾಗಿ ಯಾವುದು?

ವಿಂಡೋಸ್ ಸರ್ವರ್‌ನ ಮುಖ್ಯ ಕೆಲಸಗಳಲ್ಲಿ ಹೆಚ್ಚಿನವು ಯಾರೂ ಲಾಗಿನ್ ಆಗದಿದ್ದರೂ ನಡೆಯುತ್ತವೆ. ಫೋಲ್ಡರ್ ಹಂಚಿಕೆ, ಎಸ್‌ಕ್ಯೂಎಲ್ ಸರ್ವರ್‌ನಂಥ ಡೇಟಾಬೇಸ್, ಪ್ರಿಂಟರ್ ಸರದಿ, ರಿಮೋಟ್ ಡೆಸ್ಕ್‌ಟಾಪ್ ಇವೆಲ್ಲ ಸರ್ವಿಸ್‌ಗಳು. ಯಂತ್ರ ಚಾಲೂ ಆದಾಗಲೇ ಅವೂ ಚಾಲೂ ಆಗುತ್ತವೆ, ಪಾಸ್‌ವರ್ಡ್ ಕೇಳುವ ಪರದೆ ಅವುಗಳಿಗೆ ಅಡ್ಡಿಯಲ್ಲ. ಸರ್ವರ್ ಲಾಗಿನ್ ಆಗದಿದ್ದರೆ ಲೆಕ್ಕದ ಪ್ಯಾಕೇಜ್ ತೆರೆಯುವುದಿಲ್ಲ ಎಂದು ನಂಬಿ, ದಿನವೂ ಬೆಳಿಗ್ಗೆ ಮೊದಲು ಸರ್ವರ್ ಮುಂದೆ ಕುಳಿತು ಪಾಸ್‌ವರ್ಡ್ ಒತ್ತುವ ಗುಮಾಸ್ತರನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಹಂಚಿಕೆಯ ಫೋಲ್ಡರ್‌ನಲ್ಲಿರುವ ಲೆಕ್ಕಕ್ಕೆ ಅದರ ಅಗತ್ಯವೇ ಇಲ್ಲ. ಒಂದು ದಿನ ಸರ್ವರ್ ಅನ್ನು ರೀಸ್ಟಾರ್ಟ್ ಮಾಡಿ, ಅದನ್ನು ಮುಟ್ಟದೆ, ಉಳಿದ ಕಂಪ್ಯೂಟರ್‌ಗಳಲ್ಲಿ ಯಾವ ಯಾವ ಕೆಲಸ ನಡೆಯುತ್ತದೆಂದು ನೋಡಿದರೆ ಅರ್ಧ ಸಮಸ್ಯೆ ಅಲ್ಲಿಯೇ ಮುಗಿಯುತ್ತದೆ.

ಉಳಿದವುಗಳಲ್ಲಿ ಕೆಲವನ್ನು, ಹೇಳಿಟ್ಟ ಕೆಲಸವನ್ನು ತಾನೇ ಆರಂಭಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಒಪ್ಪಿಸಬಹುದು. ರಾತ್ರಿಯ ಬ್ಯಾಕಪ್, ಫೈಲ್ ನಕಲು, ವರದಿ ಕಳಿಸುವಿಕೆ ಮೊದಲಾದವುಗಳಿಗೆ ಬಳಕೆದಾರ ಲಾಗಿನ್ ಆಗಿರಲಿ ಬಿಡಲಿ ಕೆಲಸ ನಡೆಯಲಿ ಎನ್ನುವ ಆಯ್ಕೆಯನ್ನು ಗುರುತಿಸಿ, ಯಂತ್ರ ಚಾಲೂ ಆದಾಗ ಅಥವಾ ಗೊತ್ತಾದ ಸಮಯಕ್ಕೆ ಆರಂಭವಾಗುವಂತೆ ಮಾಡಿದರೆ ಸಾಕು. ಇಲ್ಲಿ ಹಲವರು ಎಡವುವುದು ಝಡ್ ಡ್ರೈವ್‌ನಂತಹ ಮ್ಯಾಪ್ ಮಾಡಿದ, ಅಂದರೆ ನೆಟ್‌ವರ್ಕ್ ಫೋಲ್ಡರ್‌ಗೆ ಒಂದು ಅಕ್ಷರದ ಹೆಸರು ಕೊಟ್ಟ ಡ್ರೈವ್‌ನಲ್ಲಿ. ಆ ಅಕ್ಷರವು ಲಾಗಿನ್ ಆದ ಬಳಕೆದಾರನ ಸೆಷನ್‌ಗೆ ಸೇರಿದ್ದಾದ್ದರಿಂದ ಹಿನ್ನೆಲೆಯ ಟಾಸ್ಕ್‌ಗೆ ಅದು ಕಾಣಿಸುವುದಿಲ್ಲ. ನೆಟ್‌ವರ್ಕ್ ಫೋಲ್ಡರ್‌ನ ಪೂರ್ಣ ವಿಳಾಸವನ್ನೇ ಬರೆಯಬೇಕು.

ಆ ಗಿರಣಿಯಲ್ಲಿ ಹೀಗೆ ಸೋಸುತ್ತ ಬಂದಾಗ ಕೊನೆಗೆ ಉಳಿದದ್ದು ತೂಕದ ಪ್ರೋಗ್ರಾಂ ಒಂದೇ. ಅದು ಸೀರಿಯಲ್ ಪೋರ್ಟ್ ಎಂಬ ಕೇಬಲ್ ಕಿಂಡಿಯ ಮೂಲಕ ವೇಬ್ರಿಡ್ಜ್‌ನ ಇಂಡಿಕೇಟರ್‌ನಿಂದ ತೂಕವನ್ನು ಓದಿ, ತೂಕದ ಕೋಣೆಯ ಕಂಪ್ಯೂಟರ್‌ಗೂ ಕಚೇರಿಗೂ ಕಳಿಸುತ್ತದೆ. ಆದರೆ ಅದು ಸರ್ವಿಸ್ ಅಲ್ಲ, ಡೆಸ್ಕ್‌ಟಾಪ್‌ನ ಮೇಲೆ ಕಿಟಕಿ ತೆರೆದುಕೊಂಡೇ ನಡೆಯಬೇಕಾದ ಹಳೆಯ ಕಾಲದ ಪ್ರೋಗ್ರಾಂ. ಇಂಥದ್ದನ್ನು ಬಲವಂತವಾಗಿ ಸರ್ವಿಸ್ ಆಗಿ ನಡೆಸಲು ಹೋಗುವವರಿದ್ದಾರೆ. ವಿಂಡೋಸ್ ವಿಸ್ಟಾ ಮತ್ತು ಸರ್ವರ್ 2008ರಿಂದ ಈಚೆಗೆ ಸರ್ವಿಸ್‌ಗಳು ಸೊನ್ನೆಯ ಸೆಷನ್ ಎಂಬ ಪ್ರತ್ಯೇಕ ಜಾಗದಲ್ಲಿ ನಡೆಯುತ್ತವೆ. ಅಲ್ಲಿ ಪ್ರೋಗ್ರಾಂ ಏನಾದರೂ ಎಚ್ಚರಿಕೆಯ ಪೆಟ್ಟಿಗೆ ತೋರಿಸಿ ಉತ್ತರಕ್ಕೆ ಕಾದರೆ ಅದು ಯಾರ ಕಣ್ಣಿಗೂ ಬೀಳದೆ ಕೆಲಸ ನಿಂತುಬಿಡುತ್ತದೆ. ತಯಾರಕರಲ್ಲಿ ಸರ್ವಿಸ್ ಆಗಿ ನಡೆಯುವ ಆವೃತ್ತಿ ಇದೆಯೇ ಎಂದು ವಿಚಾರಿಸಿದೆ. ಇರಲಿಲ್ಲ. ಆಗ ಮಾತ್ರ ಸ್ವಯಂಚಾಲಿತ ಲಾಗಿನ್‌ಗೆ ಒಪ್ಪಿದೆ.

ಈಗ ಸುಲಭದ ದಾರಿ ಏಕೆ ಅಪಾಯದ್ದೆಂದು ಹೇಳಬೇಕು. ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ವಿನ್‌ಲಾಗಾನ್ ಎಂಬ ಕೀ, ಅಂದರೆ ವಿಭಾಗ ಇದೆ. ಅದರಲ್ಲಿ ಆಟೋಅಡ್ಮಿನ್‌ಲಾಗಾನ್ ಎಂಬುದಕ್ಕೆ 1 ಎಂಬ ಬೆಲೆಯನ್ನು ಕೊಟ್ಟು, ಡಿಫಾಲ್ಟ್‌ಯೂಸರ್‌ನೇಮ್ ಮತ್ತು ಡಿಫಾಲ್ಟ್‌ಪಾಸ್‌ವರ್ಡ್ ಎಂಬ ಜಾಗಗಳಲ್ಲಿ ಹೆಸರು, ಪಾಸ್‌ವರ್ಡ್ ಬರೆದರೆ ಮುಂದಿನ ಬಾರಿ ಯಂತ್ರ ತಾನೇ ಒಳಗೆ ಹೋಗುತ್ತದೆ. ಐದು ನಿಮಿಷದ ಕೆಲಸ. ಆದರೆ ಪಾಸ್‌ವರ್ಡ್ ಅಲ್ಲಿ ಯಾವ ಗೂಢಲಿಪಿಯೂ ಇಲ್ಲದೆ, ಬಿಡಿ ಅಕ್ಷರಗಳಲ್ಲಿ ಕುಳಿತಿರುತ್ತದೆ, ಮತ್ತು ಅದನ್ನು ಓದಲು ಯಂತ್ರದ ಪೂರ್ಣ ಅಧಿಕಾರವುಳ್ಳ ಅಡ್ಮಿನಿಸ್ಟ್ರೇಟರ್ ಆಗಿರಬೇಕಾಗಿಲ್ಲ. ಚನ್ನಗಿರಿ ಕಡೆಯ ಅಡಿಕೆ ಮಂಡಿಯೊಂದರಲ್ಲಿ ಹಳೆಯ ಸರ್ವರ್ ಬದಲಿಸಲು ಹೋದಾಗ, ಹಿಂದೆ ಯಾರೋ ತೆಗೆದಿಟ್ಟಿದ್ದ ರಿಜಿಸ್ಟ್ರಿ ಬ್ಯಾಕಪ್ ಫೈಲ್ ಎಲ್ಲರಿಗೂ ತೆರೆದಿರುವ ಫೋಲ್ಡರ್‌ನಲ್ಲಿ ಬಿದ್ದಿತ್ತು. ತೆರೆದು ನೋಡಿದರೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಅದರಲ್ಲಿ ಕಣ್ಣಿಗೆ ರಾಚುವಂತಿತ್ತು. ಲೆಕ್ಕದ ಪ್ಯಾಕೇಜ್‌ಗೂ ವೈಫೈ ರೂಟರ್‌ಗೂ ಅದೇ ಪಾಸ್‌ವರ್ಡ್. ಮಂಡಿಯ ಹಣದ ವ್ಯವಹಾರವೆಲ್ಲ ಆ ಒಂದು ಫೈಲ್‌ನ ಹಿಂದೆ ನಿಂತಿತ್ತು. ಅಂದು ಮಧ್ಯಾಹ್ನ ನಾನು ಬೇರೆ ಕೆಲಸ ಬಿಟ್ಟು ಅಲ್ಲಿನ ಒಂದೊಂದೇ ಪಾಸ್‌ವರ್ಡ್ ಬದಲಿಸುತ್ತ ಕುಳಿತೆ.

ಆದ್ದರಿಂದ ನನ್ನ ಮೊದಲ ನಿಯಮ: ಸ್ವಯಂಚಾಲಿತ ಲಾಗಿನ್ ಎಂದಿಗೂ ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ ಇರಕೂಡದು. ಗಿರಣಿಯಲ್ಲಿ ತೂಕಕ್ಕೆಂದೇ ಒಬ್ಬ ಸಾಧಾರಣ ಬಳಕೆದಾರನನ್ನು ಸೃಷ್ಟಿಸಿದೆ. ಅವನಿಗೆ ತೂಕದ ಫೋಲ್ಡರ್‌ನಲ್ಲಿ ಬರೆಯುವ ಅನುಮತಿ ಮಾತ್ರ ಉಂಟು. ಲೆಕ್ಕದ ಫೋಲ್ಡರ್ ಇಲ್ಲ, ರಿಮೋಟ್ ಡೆಸ್ಕ್‌ಟಾಪ್ ಇಲ್ಲ. ಹಳೆಯ ಪ್ರೋಗ್ರಾಂ ಆದ್ದರಿಂದ ಅದು ತನ್ನ ದಾಖಲೆಯನ್ನು ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯಲು ಹೋಗಿ ಅನುಮತಿ ಸಿಗದೆ ನಿಂತಿತು. ಇಂಥ ಸಂದರ್ಭದಲ್ಲಿ ಬೇಸತ್ತು ಬಳಕೆದಾರನನ್ನೇ ಅಡ್ಮಿನಿಸ್ಟ್ರೇಟರ್ ಮಾಡಿಬಿಡುವುದು ನಮ್ಮ ಕಸುಬಿನಲ್ಲಿ ಬೇರೂರಿದ ಕೆಟ್ಟ ಅಭ್ಯಾಸ. ಆ ಒಂದು ಫೋಲ್ಡರ್‌ಗೆ ಮಾತ್ರ ಬರೆಯುವ ಅನುಮತಿ ಕೊಟ್ಟರೆ ಕೆಲಸ ನಡೆಯುತ್ತದೆ, ನಡೆಯಿತು.

ಎರಡನೆಯದು ಪಾಸ್‌ವರ್ಡ್ ಇಡುವ ಬಗೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ, 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಆಟೋಲಾಗಾನ್ ಎಂಬ ಪುಟ್ಟ ಪ್ರೋಗ್ರಾಂ ಇದೆ. ಬಳಕೆದಾರನ ಹೆಸರು, ಡೊಮೇನ್ ಅಥವಾ ಕಂಪ್ಯೂಟರ್ ಹೆಸರು, ಪಾಸ್‌ವರ್ಡ್ ಕೊಟ್ಟು ಎನೇಬಲ್ ಒತ್ತಿದರೆ ಅದು ಪಾಸ್‌ವರ್ಡನ್ನು ಗೂಢಲಿಪಿಗೆ ತಿರುಗಿಸಿ ಎಲ್‌ಎಸ್‌ಎ ಸೀಕ್ರೆಟ್ ಎಂಬ ಭದ್ರ ಜಾಗದಲ್ಲಿ ಇಡುತ್ತದೆ. ಸಾಮಾನ್ಯ ಬಳಕೆದಾರರು ಅದನ್ನು ಓದಲಾರರು. ಆದರೆ ಆ ಯಂತ್ರದ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೈಗೆ ಸಿಕ್ಕವನು ಅದನ್ನೂ ಬಿಡಿಸಿಕೊಳ್ಳಬಲ್ಲ. ಆದಕಾರಣ ಈ ಪಾಸ್‌ವರ್ಡ್ ಬೇರೆಲ್ಲಿಯೂ ಬಳಸದ, ಇದೊಂದಕ್ಕೇ ಮೀಸಲಾದದ್ದಾಗಿರಬೇಕು.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ತಾನೇ ಲಾಗಿನ್ ಆದ ಸರ್ವರ್ ತೆರೆದ ಬಾಗಿಲಿನಂತೆ. ಕೋಣೆಗೆ ಬಂದ ಯಾರಾದರೂ ಅದರ ಮುಂದೆ ಕೂರಬಹುದು. ಲಾಗಿನ್ ಆದ ಕೂಡಲೇ ಪರದೆಗೆ ಬೀಗ ಬೀಳುವಂತೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಟಾಸ್ಕ್ ಇಡಬೇಕು. ಬೀಗ ಬಿದ್ದ ಮೇಲೂ ಒಳಗಿನ ಪ್ರೋಗ್ರಾಂ ನಡೆಯುತ್ತಲೇ ಇರುತ್ತದೆ, ಪೋರ್ಟ್ ಓದುತ್ತಲೇ ಇರುತ್ತದೆ. ಮನುಷ್ಯರಂತೆ ಮೌಸ್ ಒತ್ತಿ ಪರದೆಯನ್ನು ನಡೆಸುವ ಪ್ರೋಗ್ರಾಂಗಳು ಮಾತ್ರ ಬೀಗದ ಪರದೆಯಲ್ಲಿ ಕೆಲಸ ಮಾಡಲಾರವು; ಅಂಥದ್ದನ್ನು ಸರ್ವರ್‌ನಲ್ಲಿ ಇಡದೆ ಬೇರೆ ಯಂತ್ರಕ್ಕೆ ಹಾಕುವುದು ಒಳ್ಳೆಯದು. ದುರಸ್ತಿಗೆಂದು ನಾನೇ ಅಡ್ಮಿನಿಸ್ಟ್ರೇಟರ್ ಆಗಿ ಒಳಗೆ ಹೋಗಬೇಕಾದಾಗ, ಯಂತ್ರ ಆರಂಭವಾಗುವ ವೇಳೆ ಶಿಫ್ಟ್ ಕೀ ಒತ್ತಿ ಹಿಡಿದರೆ ಆ ಬಾರಿಗೆ ಸ್ವಯಂಚಾಲಿತ ಲಾಗಿನ್ ತಪ್ಪುತ್ತದೆ.

ಇಷ್ಟು ಮಾಡಿದ ಮೇಲೂ ಕೆಲವು ತಿಂಗಳ ಬಳಿಕ "ಮತ್ತೆ ಪಾಸ್‌ವರ್ಡ್ ಕೇಳುತ್ತಿದೆ" ಎಂದು ಫೋನ್ ಬರುವುದುಂಟು. ಮುಖ್ಯ ಕಾರಣ ಪಾಸ್‌ವರ್ಡ್‌ನ ಅವಧಿ. ವಿಂಡೋಸ್‌ನ ಮೂಲ ನಿಯಮದಲ್ಲಿ ಪಾಸ್‌ವರ್ಡ್ 42 ದಿನಗಳಿಗೆ ಮುಗಿಯುತ್ತದೆ. ಸರ್ವರ್ ನಿಲ್ಲದೆ ನಡೆಯುತ್ತಿರುವಷ್ಟು ದಿನ ಇದು ಯಾರ ಗಮನಕ್ಕೂ ಬರುವುದಿಲ್ಲ. ಕರೆಂಟ್ ಹೋಗಿ ಬಂದ ರಾತ್ರಿಯೇ ಅದು ಹೊಸ ಪಾಸ್‌ವರ್ಡ್ ಕೇಳುತ್ತ ನಿಲ್ಲುತ್ತದೆ. ಆ ಒಬ್ಬ ಬಳಕೆದಾರನಿಗೆ ಮಾತ್ರ ಅವಧಿ ಮುಗಿಯದಂತೆ ಗುರುತು ಹಾಕಿ, ವರ್ಷಕ್ಕೊಮ್ಮೆ ಕೈಯಾರೆ ಬದಲಿಸಿ, ಬದಲಿಸಿದ ದಿನವೇ ಆಟೋಲಾಗಾನ್‌ನಲ್ಲಿಯೂ ಹೊಸದನ್ನು ಕೊಡಬೇಕು. ಲಾಗಿನ್‌ಗೆ ಮೊದಲು ಕಾನೂನು ಸೂಚನೆಯ ಬರಹ ತೋರಿಸುವ ನಿಯಮವಿದ್ದರೂ ಅಡ್ಡಿಯಾಗಬಹುದು, ಏಕೆಂದರೆ ಅಲ್ಲಿ ಯಾರಾದರೂ ಓಕೆ ಒತ್ತಬೇಕು. ಹಾಗೆಯೇ ರಿಜಿಸ್ಟ್ರಿಯಲ್ಲಿ ಆಟೋಲಾಗಾನ್‌ಕೌಂಟ್ ಎಂಬ ಬೆಲೆ ಉಳಿದಿದ್ದರೆ ಅದು ಪ್ರತಿ ಬಾರಿ ಒಂದೊಂದು ಕಡಿಮೆಯಾಗುತ್ತ ಸೊನ್ನೆಗೆ ಬಂದಾಗ ಸ್ವಯಂಚಾಲಿತ ಲಾಗಿನ್ ನಿಂತುಹೋಗುತ್ತದೆ.

ಬಿಟ್‌ಲಾಕರ್‌ನಿಂದ ಡಿಸ್ಕ್‌ಗೆ ಬೀಗ ಹಾಕಿರುವವರು ಇನ್ನೊಂದು ವಿಷಯ ಗಮನಿಸಬೇಕು. ಆರಂಭದಲ್ಲಿಯೇ ಪಿನ್ ಕೇಳುವಂತೆ ಮಾಡಿದ್ದರೆ ಸರ್ವರ್ ಅಲ್ಲಿಯೇ ನಿಲ್ಲುತ್ತದೆ. ಯಂತ್ರದೊಳಗೇ ಆ ಬೀಗದ ಕೀಲಿ ಕಾಯುವ ಟಿಪಿಎಂ ಚಿಪ್ ಒಂದನ್ನೇ ನಂಬಿದರೆ ತಾನೇ ಮುಂದೆ ಹೋಗುತ್ತದೆ, ಡಿಸ್ಕ್ ಮಾತ್ರ ಕಿತ್ತುಕೊಂಡು ಹೋದವನಿಗೆ ಏನೂ ಸಿಗುವುದಿಲ್ಲ; ಆದರೆ ಇಡೀ ಯಂತ್ರವನ್ನೇ ಹೊತ್ತೊಯ್ದವನ ಮನೆಯಲ್ಲೂ ಅದು ತಾನೇ ಲಾಗಿನ್ ಆಗುತ್ತದೆ. ಪರದೆಯ ಬೀಗ ಮತ್ತು ಕಡಿಮೆ ಅಧಿಕಾರದ ಬಳಕೆದಾರ ಎರಡರ ಅಗತ್ಯವೂ ಇಲ್ಲಿ ಮತ್ತಷ್ಟು ಹೆಚ್ಚುತ್ತದೆ. ಸರ್ವರ್ ಇರುವ ಕೋಣೆಗೆ ನಿಜವಾದ ಕಬ್ಬಿಣದ ಬೀಗವೂ ಬೇಕು.

ಲಿನಕ್ಸ್ ಸರ್ವರ್ ಇರುವ ಕಡೆ ಈ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ. ಬೇಕಾದ ಪ್ರೋಗ್ರಾಂಗೆ, ಅಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯ ಯೂನಿಟ್ ಫೈಲ್ ಬರೆದು ಎನೇಬಲ್ ಮಾಡಿದರೆ ಸಾಕು. ಪರದೆಯೇ ಬೇಕೆಂದರೆ ಲಾಗಿನ್ ಕೇಳುವ ಗೆಟ್ಟಿ ಸರ್ವಿಸ್‌ಗೆ ಆಟೋಲಾಗಿನ್ ಆಯ್ಕೆಯನ್ನು ಸೇರಿಸಬಹುದು. ಅಲ್ಲಿ ಪಾಸ್‌ವರ್ಡನ್ನು ಎಲ್ಲಿಯೂ ಬರೆದಿಡಬೇಕಾಗಿಲ್ಲ ಎಂಬುದು ಮೆಚ್ಚತಕ್ಕ ಅಂಶ.

ಇನ್ನು ಎಲ್ಲರೂ ಆಟೋ ಲಾಗಿನ್‌ನ ಮೇಲೆ ತಪ್ಪು ಹೊರಿಸುವ, ಆದರೆ ಅದಕ್ಕೆ ಸಂಬಂಧವೇ ಇಲ್ಲದ ಒಂದು ದೋಷವಿದೆ. ಕರೆಂಟ್ ಬಂದರೂ ಸರ್ವರ್ ಚಾಲೂ ಆಗುವುದೇ ಇಲ್ಲ. ವಿಂಡೋಸ್‌ಗೂ ಮೊದಲು ಯಂತ್ರವನ್ನು ಚಾಲೂ ಮಾಡುವ ಬಯಾಸ್‌ನಲ್ಲಿ, ವಿದ್ಯುತ್ ಮರಳಿದಾಗ ಏನು ಮಾಡಬೇಕೆಂಬ ಆಯ್ಕೆ ಇರುತ್ತದೆ, ಅದನ್ನು ಪವರ್ ಆನ್‌ಗೆ ಇಡಬೇಕು. ಯುಪಿಎಸ್ ಇದ್ದರೆ ಇನ್ನೂ ಸೂಕ್ಷ್ಮ. ಬ್ಯಾಟರಿ ಇಳಿದಾಗ ಯುಪಿಎಸ್‌ನ ತಂತ್ರಾಂಶ ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡುತ್ತದೆ. ಆದರೆ ಬ್ಯಾಟರಿ ಪೂರ್ತಿ ಬರಿದಾಗುವ ಮೊದಲೇ ಕರೆಂಟ್ ಬಂದುಬಿಟ್ಟರೆ ಸರ್ವರ್‌ನ ಪ್ಲಗ್‌ನಲ್ಲಿ ವಿದ್ಯುತ್ ಒಂದು ಕ್ಷಣವೂ ತಪ್ಪಿರುವುದಿಲ್ಲ, ಹೀಗಾಗಿ ವಿದ್ಯುತ್ ಮರಳಿತೆಂದು ಅದಕ್ಕೆ ತಿಳಿಯುವುದೇ ಇಲ್ಲ. ಶಟ್‌ಡೌನ್ ಆದ ಕೆಲವು ನಿಮಿಷಗಳ ನಂತರ ಯುಪಿಎಸ್ ತನ್ನ ಹೊರಹರಿವನ್ನು ತಾನೇ ಕಡಿತಗೊಳಿಸಿ, ಕರೆಂಟ್ ಬಂದ ಮೇಲೆ ಮತ್ತೆ ಕೊಡುವಂತೆ ಹೊಂದಿಸಬೇಕು. ದಾವಣಗೆರೆಯಲ್ಲಿ ನಾನು ನೋಡಿದ ಯುಪಿಎಸ್‌ಗಳಲ್ಲಿ ಈ ಹೊಂದಿಕೆ ಮಾಡಿಟ್ಟದ್ದು ತೀರ ಅಪರೂಪ.

ಗಿರಣಿಯ ಕೆಲಸವನ್ನು ಒಪ್ಪಿಸುವ ಮೊದಲು, ಲೋಡು ಇಲ್ಲದ ಒಂದು ಮಧ್ಯಾಹ್ನ ಮಾಲೀಕರ ಎದುರಿಗೇ ಮೇನ್ ಸ್ವಿಚ್ ಇಳಿಸಿದೆವು. ಯುಪಿಎಸ್ ಸರ್ವರನ್ನು ನಿಲ್ಲಿಸುವವರೆಗೆ ಕಾದು, ಮತ್ತೆ ಸ್ವಿಚ್ ಹಾಕಿದೆವು. ಮೊದಲ ಬಾರಿ ತೂಕದ ಪ್ರೋಗ್ರಾಂ ಪೋರ್ಟ್ ಸಿಗಲಿಲ್ಲವೆಂದು ನಿಂತಿತು. ಯುಎಸ್‌ಬಿಗೆ ಸಿಕ್ಕಿಸಿದ ಸೀರಿಯಲ್ ಅಡಾಪ್ಟರ್ ಸಿದ್ಧವಾಗುವ ಮೊದಲೇ ಅದು ತೆರೆದುಕೊಂಡಿತ್ತು. ಸ್ಟಾರ್ಟ್‌ಅಪ್ ಫೋಲ್ಡರ್‌ನಿಂದ ಅದನ್ನು ತೆಗೆದು, ಲಾಗಿನ್ ಆದ ಒಂದು ನಿಮಿಷದ ನಂತರ ಆರಂಭವಾಗುವ ಟಾಸ್ಕ್ ಆಗಿ ಮಾಡಿದ ಮೇಲೆ ಎರಡನೆಯ ಬಾರಿ ಎಲ್ಲವೂ ಸರಿಯಾಗಿ ಬಂತು: ಪರದೆಗೆ ಬೀಗ ಬಿದ್ದಿತ್ತು, ತೂಕದ ಕೋಣೆಯ ಕಂಪ್ಯೂಟರ್‌ನಲ್ಲಿ ಸೊನ್ನೆ ಕಿಲೋ ತೋರಿಸುತ್ತಿತ್ತು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಗಿರಣಿಯ ತಿಜೋರಿಯಲ್ಲಿ ಇರಿಸಿ ಬಂದೆ.